ಹದಿನೇಳು ಅರುವತ್ತಾರಾದ ಬಗೆ

ದೇರೆಬೈಲಿನ ಮಗ್ಗುಲಲ್ಲಿ, ಕುಂಟಿಕಾನವನ್ನು ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿಗೆ ಇಂದಿನ ಸಂಖ್ಯೆ 66. ನನ್ನ ನೆರೆಯ ಹಿರಿಯರ ಬಾಯಲ್ಲಾದರೋ ಅದು ಇನ್ನೂ ‘ಹದಿನೇಳು’.

ಆ ಹದಿನೇಳು ಮಹಾರಾಷ್ಟ್ರದ ಪನವೇಲದಿಂದ ಹೊರಟು ಗೋವೆ, ಕಾರವಾರ, ಉಡುಪಿ, ಮಂಗಳೂರುಗಳನ್ನು ದಾಟಿ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ನಿಲ್ಲುತ್ತಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಅಂಕಗಳು ಬಂದವು. ನಮ್ಮ ಮಾರ್ಗ ಕನ್ಯಾಕುಮಾರಿಯವರೆಗೆ ಬೆಳೆದು 66 ಎನಿಸಿತು. ಹದಿನೇಳೆಂಬ ಅಂಕ ದೂರದ ಬಂಗಾಳ-ಅಸ್ಸಾಮುಗಳ ದಾರಿಗೆ ಸಂದಿತು.

ಹೊಸ ಎಣಿಕೆಗೂ ಒಂದು ನ್ಯಾಯವುಂಟು. ಉತ್ತರ-ದಕ್ಷಿಣವಾಗಿ ಹರಿಯುವ ಮುಖ್ಯ ದಾರಿಗಳಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಏರುತ್ತದೆ. ಆದುದರಿಂದ ಪಡುಗಡಲ ಅಂಚಿನ ದಾರಿಗೆ ಇಷ್ಟು ದೊಡ್ಡ ಅಂಕ. ಪೂರ್ವ-ಪಶ್ಚಿಮದ ದಾರಿಗಳಿಗೆ ಬೆಸಸಂಖ್ಯೆ. ಬೆಂಗಳೂರಿನ ದಾರಿ 48 ಇದ್ದದ್ದು 75 ಆದುದು ಹೀಗೆ.

ಅಂಕದೊಡನೆ ಮಾರ್ಗದ ಅಂತಸ್ತೂ ಏರಿತು: ಚತುಷ್ಪಥವಾಯಿತು, ಕುಂಟಿಕಾನದಲ್ಲಿ ಮೇಲ್ಸೇತುವೆ ಎದ್ದಿತು. ಕೇರಳದ ಲಾರಿ ನಿಲ್ಲದೆ ಗೋವೆಯತ್ತ ಸಾಗುತ್ತದೆ, ಸಂತೋಷವೇ. ಆದರೆ ಆಚೆಬದಿಯ ಅಂಗಡಿಗೆ ಹಾಲು ತರಲು ಹೊರಟ ಮುದುಕಿ ಸೇತುವೆಯ ಅಡಿಯವರೆಗೆ ಸುತ್ತಿ ಬರಬೇಕು. ದಾರಿಯ ಹಿರಿಮೆಯನ್ನು ಅಳೆಯುವಾಗ ಅವಳ ನಡಿಗೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.