ಮನೆಯೊಳಗೆ ನೆಟ್‌ವರ್ಕ್ ಸಿಗದಿದ್ದರೆ ವೈಫೈ ಮೂಲಕ ಫೋನ್ ಮಾಡುವುದು ಹೇಗೆ?



ದಾವಣಗೆರೆಯಲ್ಲೂ ಹರಿಹರದಲ್ಲೂ ಮೊಬೈಲ್ ಟವರ್‌ಗಳಿಗೆ ಬರ ಇಲ್ಲ. ಆದರೂ ಎಷ್ಟೋ ಮನೆಗಳ ಒಳಕೋಣೆಯಲ್ಲಿ "ಹಲೋ, ಹಲೋ, ಕೇಳಿಸ್ತಿಲ್ಲ" ಅನ್ನೋದು ತಪ್ಪಿಲ್ಲ. ಇದು ಏಕೆ? ಇದಕ್ಕೆ ಉಪಾಯವೇನು? ನಾನು ತಿಳಿದುಕೊಂಡಿದ್ದನ್ನು ಬರೆದಿದ್ದೇನೆ.

ಕಾರಣ ಏನು?

ಮೊಬೈಲ್ ಫೋನು ರೇಡಿಯೋ ತರಂಗಗಳಿಂದ ಕೆಲಸ ಮಾಡುತ್ತದೆ. ಟವರಿನಿಂದ ದೂರ ಹೋದಂತೆಲ್ಲಾ ತರಂಗದ ಬಲ ಕಡಿಮೆಯಾಗುತ್ತದೆ. ಹಂಚಿನ ಮನೆಯೊಳಗೆ ಅದು ಸುಲಭವಾಗಿ ಬರುತ್ತದೆ. ಆದರೆ ಆರ್.ಸಿ.ಸಿ. ಕಾಂಕ್ರೀಟು ತರಂಗವನ್ನು ಹೀರಿಕೊಳ್ಳುತ್ತದೆ. ಕಬ್ಬಿಣದ ಸರಳು, ತಗಡಿನ ಶೀಟು ಅದನ್ನು ವಾಪಸ್ ತಳ್ಳುತ್ತವೆ. 900 ಮೆಗಾಹರ್ಟ್ಸ್ ತರಂಗ ಗೋಡೆ ದಾಟಿದಷ್ಟು ಚೆನ್ನಾಗಿ 2300 ಮೆಗಾಹರ್ಟ್ಸ್ ತರಂಗ ದಾಟುವುದಿಲ್ಲ.

ಹರಿಹರದಲ್ಲಿ ನಮ್ಮ ಅಜ್ಜಿ ಮಲಗುವ ಕೋಣೆ ಇಂಥದ್ದೇ. ಮಾತಾಡಬೇಕಂದ್ರೆ ತಾರಸಿ ಹತ್ತಬೇಕಿತ್ತು. ಅಜ್ಜಿಗೆ ಮಂಡಿ ನೋವು. ರಾತ್ರಿ ಹೊತ್ತು ಏನಾದರೂ ಆದರೆ ದಾವಣಗೆರೆಯಲ್ಲಿರುವ ಮಾವನಿಗೆ ಹೆಂಗೆ ತಿಳಿಸಬೇಕು? ಅದೇ ಚಿಂತೆಯಾಗಿ ಮಾವ ಅಲ್ಲಿ ವೈಫೈ ಹಾಕಿಸಿದರು. ಈಗ ಅಜ್ಜಿ ಹಾಸಿಗೆ ಮೇಲೆ ಕೂತೇ ಮಾತಾಡ್ತಾರೆ.

ವೈಫೈ ಕಾಲಿಂಗ್ ಅಂದರೇನು?

ಭದ್ರಾ ನಾಲೆಯ ನೀರು ಎತ್ತರದ ಹೊಲಕ್ಕೆ ಹತ್ತದಿದ್ದರೆ ಪೈಪ್ ಹಾಕಿ ತರುತ್ತಾರಲ್ಲವೇ? ಇದೂ ಹಾಗೆಯೇ. ಟವರಿನ ತರಂಗ ಒಳಗೆ ಬರದಿದ್ದರೆ ನಮ್ಮ ಮಾತು ಮನೆಯ ವೈಫೈ ರೂಟರ್‌ಗೆ ಹೋಗಿ, ಇಂಟರ್‌ನೆಟ್ ಕೇಬಲ್ ಹಿಡಿದು ಸಿಮ್ ಕಂಪನಿಯ ಕೇಂದ್ರ ತಲುಪುತ್ತದೆ. ಅಲ್ಲಿಂದ ಮುಂದೆ ಮಾಮೂಲಿ ಕರೆ.

ಇದು ವಾಟ್ಸಾಪ್ ಕರೆ ಅಲ್ಲ. ಆ ಕಡೆಯವರ ಹತ್ತಿರ ಇಂಟರ್‌ನೆಟ್ ಬೇಕಿಲ್ಲ. ಬಟನ್ ಫೋನಿಗೂ ಕರೆ ಹೋಗುತ್ತದೆ, ನಮ್ಮ ನಂಬರೇ ಕಾಣುತ್ತದೆ. ನಮ್ಮ ದೇಶದಲ್ಲಿ ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು.

ಮಾಡಬೇಕಾದ್ದು

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ "ವೈಫೈ ಕಾಲಿಂಗ್" ಹುಡುಕಿ ಆನ್ ಮಾಡಿ. ಎಲ್ಲಾ ಫೋನಿನಲ್ಲೂ ಇದು ಇರುವುದಿಲ್ಲ.
2. ರೂಟರನ್ನು ಮನೆ ನಡುವೆ, ಎತ್ತರದಲ್ಲಿ ಇಡಿ. ಕಬ್ಬಿಣದ ಬೀರುವಿನ ಪಕ್ಕ ಇಡಬೇಡಿ.
3. ಪರೀಕ್ಷೆ ಮಾಡಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ ಕರೆ ಮಾಡಿ. ಹೋದರೆ ಸರಿಯಾಗಿದೆ ಎಂದರ್ಥ.

ಎಚ್ಚರಿಕೆ

ಕರೆಂಟ್ ಹೋದರೆ ರೂಟರ್ ಆಫ್, ಕರೆಯೂ ಬಂದ್! ರೂಟರ್‌ಗೆ ಸಣ್ಣ ಬ್ಯಾಟರಿ ಇದ್ದರೆ ಒಳ್ಳೆಯದು. 108 ಅಥವಾ 112ಕ್ಕೆ ಕರೆ ಮಾಡಲು ವೈಫೈ ಒಂದನ್ನೇ ನಂಬಬಾರದು. ಮನೆಯಲ್ಲಿ ಟವರ್ ಸಿಗುವ ಜಾಗ ಯಾವುದೆಂದು ಎಲ್ಲರಿಗೂ ಗೊತ್ತಿರಬೇಕು. ಕಿಟಕಿ ಹತ್ತಿರ ಹುಡುಕಿ ನೋಡಿ.

ಇನ್ನು ಕೆಲವರು ಸಿಗ್ನಲ್ ಬೂಸ್ಟರ್ ತಂದು ಹಾಕುತ್ತಾರೆ. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಅದರಿಂದ ಅಕ್ಕಪಕ್ಕದ ಮನೆಯವರ ಫೋನಿನ ನೆಟ್‌ವರ್ಕ್‌ಗೆ ಅಡ್ಡಿಯಾಗಬಹುದು. ನಮಗೆ ಅನುಕೂಲ ಆಗಲಿ ಅಂತ ಬೇರೆಯವರಿಗೆ ತೊಂದರೆ ಕೊಡಬಾರದು ಅಲ್ಲವೇ?

ಗೆಳೆಯರೇ, ಮನೆಯಲ್ಲಿ ವೈಫೈ ಇದ್ದೂ ಇದು ಗೊತ್ತಿಲ್ಲದವರು ಬಹಳ ಮಂದಿ ಇದ್ದಾರೆ. ನಿಮ್ಮ ಮನೆಯ ಹಿರಿಯರ ಫೋನ್ ತೆಗೆದುಕೊಂಡು ಇವತ್ತೇ ನೋಡಿ. ಅವರಿಗೂ ಹೇಳಿಕೊಡಿ.

– ಏಳನೇ ತರಗತಿ ವಿದ್ಯಾರ್ಥಿ