ಉಪ್ಪು, ಆಮ್ಲ ಮತ್ತು ಒಂದು ವಿಷವಾಯು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬುದು ಕನ್ನಡಿಗರ ನಾಲಿಗೆಯ ಮೇಲಿರುವ ಗಾದೆ. ಮುಂಬಯಿಯ ವಡಾಲಕ್ಕೂ ಉಪ್ಪಿಗೂ ಹಳೆಯ ನಂಟು. ಇಂದು ಕಟ್ಟಡಗಳು ಎದ್ದು ನಿಂತಿರುವ ಈ ಭಾಗದಲ್ಲಿ ಹಿಂದೆ ಕಡಲ ನೀರನ್ನು ಕಟ್ಟಿ ನಿಲ್ಲಿಸಿ, ಬಿಸಿಲು ಗಾಳಿಗಳಿಗೆ ಒಡ್ಡಿ ಉಪ್ಪು ತೆಗೆಯುವ ಆಗರಗಳಿದ್ದವು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ವಯಂಸೇವಕರು ಅವುಗಳ ಮೇಲೆ ಮತ್ತೆ ಮತ್ತೆ ಮುತ್ತಿಗೆ ಹಾಕಿದರು. ಜೂನ್ 1ರಂದು ಸುಮಾರು 15,000 ಜನ ಅದರಲ್ಲಿ ಪಾಲ್ಗೊಂಡರು. ಅದೇ ವರ್ಷ ಅಂಕೋಲೆಯ ಕಡಲತೀರದಲ್ಲಿಯೂ ಕನ್ನಡಿಗರು ಉಪ್ಪಿನ ಕಾಯಿದೆಯನ್ನು ಮುರಿದಿದ್ದರು.

ಇಂತಹ ಉಪ್ಪಿನ ಒಂದು ಚಿಟಿಕೆಯಲ್ಲಿ ಶಾಲೆಯ ರಸಾಯನಶಾಸ್ತ್ರದ ಮೊದಲ ಪಾಠಗಳೆಲ್ಲ ಅಡಗಿವೆ. ಅವುಗಳನ್ನು ಮರೆತ ಗೃಹಸ್ಥನಿಗೆ ಅಪಾಯವು ತನ್ನ ಬಚ್ಚಲುಮನೆಯಲ್ಲಿಯೇ ಕಾದಿರುತ್ತದೆ.

ಬಂಧದ ಗುಟ್ಟು

ಉಪ್ಪು ಎರಡು ಮೂಲವಸ್ತುಗಳ ಸಂಯುಕ್ತ. ಒಂದು ಸೋಡಿಯಂ, ನೀರು ತಗುಲಿದೊಡನೆ ಸಿಡಿಯುವ ಮೆದುವಾದ ಲೋಹ. ಇನ್ನೊಂದು ಕ್ಲೋರಿನ್, ಹಳದಿ ಹಸಿರು ಬಣ್ಣದ ವಿಷವಾಯು. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪರ್ ರಣರಂಗದಲ್ಲಿ ಸೈನಿಕರ ಶ್ವಾಸಕೋಶಗಳನ್ನು ಸುಟ್ಟದ್ದು ಇದೇ ಕ್ಲೋರಿನ್. ಸೋಡಿಯಂ ಪರಮಾಣುವಿನ ಹೊರ ಕವಚದಲ್ಲಿ ಒಂದೇ ಎಲೆಕ್ಟ್ರಾನಿದೆ. ಕ್ಲೋರಿನ್ನಿನ ಹೊರ ಕವಚದಲ್ಲಿ ಏಳಿವೆ, ಎಂಟಕ್ಕೆ ಒಂದು ಕಡಿಮೆ. ಒಂದು ಕೊಡುತ್ತದೆ, ಇನ್ನೊಂದು ಪಡೆಯುತ್ತದೆ. ಹೀಗೆ ವಿರುದ್ಧ ವಿದ್ಯುದಂಶ ಪಡೆದ ಅವೆರಡೂ ಪರಸ್ಪರ ಬಿಗಿಯಾಗಿ ಆಕರ್ಷಿಸಲ್ಪಟ್ಟು, ಎರಡರ ಉಗ್ರತೆಯೂ ಅಡಗಿ, ಅನ್ನಕ್ಕೆ ರುಚಿ ಕೊಡುವ ಹರಳು ಸಿದ್ಧವಾಗುತ್ತದೆ. ವಸ್ತುವಿನ ಗುಣವನ್ನು ನಿರ್ಧರಿಸುವುದರಲ್ಲಿ ಅದರ ಮೂಲಾಂಶದಷ್ಟೇ ಮುಖ್ಯವಾದುದು ಅದರ ಬಂಧ.

ಉದರದ ಆಮ್ಲ

ಉಂಡ ಉಪ್ಪಿನ ಕ್ಲೋರೈಡ್ ಅಂಶವನ್ನು ದೇಹವು ಇನ್ನೊಂದು ಕಾರ್ಯಕ್ಕೂ ಬಳಸಿಕೊಳ್ಳುತ್ತದೆ. ಜಠರದ ಜೀವಕೋಶಗಳು ಅದರೊಡನೆ ಹೈಡ್ರೋಜನ್ ಅಯಾನುಗಳನ್ನು ಸ್ರವಿಸಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಉಂಟುಮಾಡುತ್ತವೆ. ಈ ಆಮ್ಲವು ಆಹಾರದೊಡನೆ ಬಂದ ರೋಗಾಣುಗಳಲ್ಲಿ ಬಹುಪಾಲನ್ನು ಕೊಲ್ಲುತ್ತದೆ. ಪ್ರೋಟೀನನ್ನು ಜೀರ್ಣಿಸುವ ಪೆಪ್ಸಿನ್ನನ್ನು ಚುರುಕುಗೊಳಿಸುತ್ತದೆ. ಆಮ್ಲ ಅನ್ನನಾಳಕ್ಕೆ ಏರಿದಾಗ ಎದೆಯುರಿ ಕಾಣಿಸಿಕೊಳ್ಳುತ್ತದೆ. ಆಗ ಅಡಿಗೆ ಸೋಡಾ ಕುಡಿದರೆ ಆಮ್ಲ ತಟಸ್ಥವಾಗಿ ಉಪ್ಪು, ನೀರು, ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ತೇಗು ಬರುವುದು ಅದರಿಂದಲೇ. ಆದರೆ ಸೋಡಾದಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡವುಳ್ಳವರಿಗೆ ಈ ಅಭ್ಯಾಸ ಹಿತಕರವಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು ಕಿತ್ತರೆ, ಅದನ್ನು ಆಮ್ಲದ ಬಾಧೆಯೆಂದು ತಳ್ಳಿಹಾಕದೆ ತತ್‌ಕ್ಷಣ ಆಸ್ಪತ್ರೆಗೆ ಧಾವಿಸತಕ್ಕದ್ದು.

ಕ್ರಿಯೆಯ ವೇಗ

ಆಮ್ಲಶಾಮಕ ಗುಳಿಗೆಗಳಲ್ಲಿ ಕೆಲವನ್ನು ಅಗಿದು ನುಂಗಬೇಕೆಂದು ವೈದ್ಯರು ಹೇಳುವುದೇಕೆ? ವಸ್ತು ಪುಡಿಯಾದಷ್ಟೂ ಅದರ ಮೇಲ್ಮೈ ಹೆಚ್ಚುತ್ತದೆ; ಕ್ರಿಯೆಯೂ ಬೇಗ ನಡೆಯುತ್ತದೆ. ದ್ರಾವಣ ಪ್ರಬಲವಾದಷ್ಟೂ, ಸಾಮಾನ್ಯವಾಗಿ ಉಷ್ಣತೆ ಏರಿದಷ್ಟೂ, ವೇಗ ಹೆಚ್ಚುವುದು. ಮುಂಬಯಿಯ ಮೇ ತಿಂಗಳಲ್ಲಿ ಹೊರಗಿಟ್ಟ ಹಾಲು ಒಡೆಯುವುದಕ್ಕೂ, ತಂಪುಪೆಟ್ಟಿಗೆಯಲ್ಲಿಟ್ಟದ್ದು ಉಳಿಯುವುದಕ್ಕೂ ಇದೇ ನಿಯಮ ಬಹುಮಟ್ಟಿಗೆ ಕಾರಣ.

ಬಚ್ಚಲುಮನೆಯ ಎಚ್ಚರ

ಈ ಮೂರು ಪಾಠಗಳೂ ಒಂದಾಗುವ ಸ್ಥಳ ಬಚ್ಚಲುಮನೆ. ನೆಲ ತಿಕ್ಕಲು ಬ್ಲೀಚಿಂಗ್ ಪೌಡರು, ಶೌಚಾಲಯಕ್ಕೆ ಆಮ್ಲ: ಎರಡೂ ಬಹಳಷ್ಟು ಮನೆಗಳಲ್ಲಿರುತ್ತವೆ. ಹೆಚ್ಚು ಶುಭ್ರವಾಗಲೆಂದು ಎರಡನ್ನೂ ಬೆರೆಸಿದರೆ ಪುಡಿಯಲ್ಲಿ ಬಂಧಿತವಾಗಿದ್ದ ಕ್ಲೋರಿನ್ ವಿಷವಾಯುವಾಗಿ ಹೊರಬರುತ್ತದೆ. ಪುಡಿ ನುಣುಪು, ಆಮ್ಲ ತೀವ್ರ. ಆದುದರಿಂದ ಕ್ರಿಯೆ ಕ್ಷಣಾರ್ಧದಲ್ಲಿ ಜರಗುವುದು. ಕಿಟಕಿಯಿಲ್ಲದ ಕಿರಿದಾದ ಕೋಣೆಯಲ್ಲಿ ಅದು ಪ್ರಾಣಾಂತಕವೂ ಆಗಬಲ್ಲದು. 2010ರ ಜುಲೈ 14ರಂದು ವಡಾಲಕ್ಕೆ ಹೊಂದಿಕೊಂಡ ಶಿವಡಿಯ ಹಾಜಿ ಬಂದರಿನಲ್ಲಿ ಹಳೆಯ ಸಿಲಿಂಡರಿನಿಂದ ಕ್ಲೋರಿನ್ ಸೋರಿ ಅನೇಕರು ಆಸ್ಪತ್ರೆ ಸೇರಿದ್ದನ್ನು ಇಲ್ಲಿ ಸ್ಮರಿಸಬಹುದು.

ಕಟುವಾಸನೆ, ಕಣ್ಣುರಿ, ಕೆಮ್ಮು ಕಂಡೊಡನೆ ಕೆಲಸ ಬಿಟ್ಟು ಹೊರಗಿನ ಶುದ್ಧ ಗಾಳಿಗೆ ಬರಬೇಕು. ಈ ವಾಯು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ನೆಲಮಟ್ಟದಲ್ಲಿ ಹರಡುತ್ತದೆ. ಮಕ್ಕಳನ್ನು ಕೂಡಲೇ ಎತ್ತಿಕೊಂಡು ಹೊರಗೆ ತರಬೇಕು. ಕಣ್ಣುಗಳನ್ನು 15 ನಿಮಿಷ ನೀರಿನಿಂದ ತೊಳೆಯಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದಾದುದರಿಂದ ವೈದ್ಯರನ್ನು ಕಾಣುವುದು ಅವಶ್ಯ.

ವಡಾಲದ ಕನ್ನಡ ಶಾಲೆಯಲ್ಲಿ ಓದಿದವರಿಗೂ, ಊರಿನ ಶಾಲೆಯಲ್ಲಿ ಓದಿ ಬಂದವರಿಗೂ ಈ ಪಾಠ ಹೊಸದಲ್ಲ. ಪರೀಕ್ಷೆಗಾಗಿ ಕಲಿತುದನ್ನು ಮನೆಗೆಲಸದ ಹೆಂಗಸಿಗೂ, ಬೆಳೆಯುವ ಮಕ್ಕಳಿಗೂ ಒಮ್ಮೆ ತಿಳಿಯಹೇಳಿ, ಆ ಎರಡು ಡಬ್ಬಿಗಳನ್ನು ಬೇರೆ ಬೇರೆ ಕಡೆ ಇರಿಸಿದರೆ ಕಲಿತದ್ದು ಸಾರ್ಥಕವಾದೀತು.