ಬೀಳುವುದನ್ನು ಕಲಿಸುವ ಶಾಲೆ

ಯಾವ ಆಧಾರವೂ ಇಲ್ಲದೆ ಬಹು ಎತ್ತರದಿಂದ ಬೀಳತೊಡಗಿದ ಮನುಷ್ಯನಿಗೆ ಪ್ರಜ್ಞೆ ತಪ್ಪುವುದು, ಕೈಕಾಲುಗಳು ಅವನ ಸ್ವಾಧೀನದಲ್ಲಿರಲಾರವು ಎಂಬ ಶಂಕೆ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ವಿಮಾನವಿದ್ಯೆಯನ್ನು ಬಲ್ಲವರನ್ನೂ ಬಿಟ್ಟಿರಲಿಲ್ಲ. 1919ನೆಯ ಏಪ್ರಿಲ್ 28ರಂದು ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ನಗರದ ಬಳಿ, ಲೆಸ್ಲಿ ಅರ್ವಿನ್ ಎಂಬಾತನು ವಿಮಾನದಿಂದ ಹೊರಕ್ಕೆ ಧುಮುಕಿ, ಕೊಂಚ ದೂರ ಬಿದ್ದ ತರುವಾಯ ತನ್ನ ಕೈಯಿಂದಲೇ ಪ್ಯಾರಾಶೂಟನ್ನು ಬಿಚ್ಚಿಕೊಂಡು ಆ ಶಂಕೆಯನ್ನು ನಿವಾರಿಸಿದನು. ನೆಲ ಮುಟ್ಟುವಾಗ ಅವನ ಕಾಲಿನ ಹರಡು ಮುರಿಯಿತೆಂಬುದು ಬೇರೆಯ ಮಾತು. ಬೀಳುತ್ತಿರುವವನು ಯೋಚಿಸಬಲ್ಲನು, ಯೋಚಿಸಿದಂತೆ ನಡೆಯಬಲ್ಲನು ಎಂಬ ಈ ಒಂದು ಸಂಗತಿಯ ಮೇಲೆಯೇ ಇಂದಿನ ಸ್ಕೈಡೈವಿಂಗ್ ಶಿಕ್ಷಣವೆಲ್ಲ ನಿಂತಿದೆ.

ಹೊಸಬರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಟ್ಯಾಂಡೆಮ್ ಜಿಗಿತವನ್ನು. ಪಳಗಿದ ಬೋಧಕನ ಎದೆಗೆ ಬೆನ್ನೊತ್ತಿ, ಪಟ್ಟಿಗಳಿಂದ ಬಿಗಿಸಿಕೊಂಡು, ಸುಮಾರು 13,000 ಅಡಿಗಳ ಎತ್ತರದಿಂದ ಆತನೊಡನೆ ಇಳಿಯುವುದು ಇದರ ಕ್ರಮ. ಕೆಲವು ವರ್ಷ ದಸರೆಯ ಹೊತ್ತಿಗೆ ಮೈಸೂರಿನಲ್ಲಿಯೂ ಇಂಥ ಜಿಗಿತಗಳು ನಡೆದುದುಂಟು. ಆನಂದಕ್ಕೆ ಇದರಲ್ಲಿ ಕೊರತೆಯಿಲ್ಲ. ಆದರೆ ಇಲ್ಲಿ ಹೊಸಬನು ಪ್ರಯಾಣಿಕನೇ ಹೊರತು ವಿದ್ಯಾರ್ಥಿಯಲ್ಲವೆಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಯಾಗಲಿಚ್ಛಿಸುವವನು ಎ.ಎಫ್.ಎಫ್. (ಆಕ್ಸಿಲರೇಟೆಡ್ ಫ್ರೀಫಾಲ್) ಎಂಬ ಹೆಸರಿನ, 1980ರ ದಶಕದಿಂದ ರೂಢಿಯಲ್ಲಿರುವ ಶಿಕ್ಷಣಕ್ಕೆ ಸೇರಬೇಕು. ಮೊದಲ ದಿನದ ಬಹುಭಾಗ ನೆಲದ ಮೇಲೆಯೇ ಕಳೆಯುತ್ತದೆ. ಸೊಂಟವನ್ನು ಮುಂದಕ್ಕೊತ್ತಿ, ಗಲ್ಲವನ್ನೆತ್ತಿ, ಕೈಗಳನ್ನು ಇಕ್ಕೆಲಕ್ಕೂ ಚಾಚಿ, ಮೊಣಕಾಲುಗಳನ್ನು ಮಡಿಸಿ, ಹೊಟ್ಟೆಯ ಮೇಲೆ ಮಲಗಿ ಮಾಡುವ ಈ ಅಭ್ಯಾಸವನ್ನು ನೋಡಿದರೆ ನಮ್ಮವರಿಗೆ ಧನುರಾಸನದ ನೆನಪಾಗದಿರದು. ಇದು ಅಲಂಕಾರದ ಭಂಗಿಯಲ್ಲ: ದೇಹದ ಮಧ್ಯಭಾಗವು ಕೆಳಕ್ಕೂ ಅವಯವಗಳು ಮೇಲಕ್ಕೂ ಇದ್ದಾಗ, ಎದುರುಗಾಳಿಯ ಒತ್ತಡವೇ ಬೀಳುವವನನ್ನು ಮಗುಚದಂತೆ ನಿಲ್ಲಿಸುತ್ತದೆ. ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಗಾಳಿಯ ತಡೆಯೂ ದೇಹದ ಭಾರವೂ ಸಮನಾಗಿ, ವೇಗವು ಘಂಟೆಗೆ ಸುಮಾರು 190 ಕಿಲೋಮೀಟರಿನಲ್ಲಿ ಸ್ಥಿರಗೊಳ್ಳುವುದರಿಂದ, ಆ ಮೇಲೆ ಬೀಳುತ್ತಿರುವೆನೆಂಬ ಭಾವಕ್ಕಿಂತ ಪ್ರಬಲವಾದ ಗಾಳಿಯ ಮೇಲೆ ಒರಗಿರುವೆನೆಂಬ ಭಾವವೇ ಮಿಗಿಲಾಗಿರುತ್ತದೆಂದು ಬಲ್ಲವರು ಹೇಳುತ್ತಾರೆ.

ಆರಂಭದ ಜಿಗಿತಗಳಲ್ಲಿ ಇಬ್ಬರು ಬೋಧಕರು ಎರಡು ಪಾರ್ಶ್ವಗಳಲ್ಲಿಯೂ ಹಿಡಿದೇ ಇರುತ್ತಾರೆ. ಶಿಷ್ಯನ ಕೆಲಸವೋ ಕ್ಷಿತಿಜವನ್ನು ನೋಡುವುದು, ಎತ್ತರಮಾಪಕವನ್ನು ಓದುವುದು, ಗುರುಗಳ ಕೈಸನ್ನೆಗೆ ಓಗೊಡುವುದು, ಸುಮಾರು 5,500 ಅಡಿಗೆ ಬಂದೊಡನೆ ಹಿಡಿಯನ್ನೆಳೆಯುವುದು. ಪ್ಯಾರಾಶೂಟು ಬಿಚ್ಚಿತೆಂದು ನಿಶ್ಚಿಂತನಾಗುವಂತಿಲ್ಲ. ಅದು ಆಯತಾಕಾರವಾಗಿ ಅರಳಿದೆಯೆ, ಸ್ಥಿರವಾಗಿದೆಯೆ, ತಿರುಗಿಸಿದತ್ತ ತಿರುಗುತ್ತದೆಯೆ ಎಂದು ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಅದು ಸೋತರೆ, 2,500 ಅಡಿಗಿಂತ ಕೆಳಗಿಳಿಯುವ ಮೊದಲೇ ನಿರ್ಧರಿಸಿ, ಅದನ್ನು ಕಳಚಿ, ಮೀಸಲು ಪ್ಯಾರಾಶೂಟನ್ನು ತೆರೆಯತಕ್ಕದ್ದು. ಈ ಕಳಚುವಿಕೆಯನ್ನು ಸುಲಭಗೊಳಿಸಿದುದು 1970ರ ದಶಕದಲ್ಲಿ ಬಿಲ್ ಬೂತ್ ಎಂಬಾತನು ರೂಪಿಸಿದ ಮೂರು ಉಂಗುರಗಳ ಸಾಧನ. ಒಂದರೊಳಗೊಂದು ತೂರಿದ ಆ ಉಂಗುರಗಳು ಭಾರವನ್ನು ಹಂತಹಂತವಾಗಿ ತಗ್ಗಿಸುವುದರಿಂದ, ಇಡೀ ದೇಹವನ್ನು ಹೊತ್ತ ಪಟ್ಟಿಯನ್ನು ಕೊನೆಯಲ್ಲಿ ಒಂದು ಚಿಕ್ಕ ದಾರದ ಕುಣಿಕೆ ಹಿಡಿದಿರುತ್ತದೆ. ಮೆಲ್ಲಗೆ ಎಳೆದರೂ ಅದು ಬಿಡಿಸಿಕೊಳ್ಳುತ್ತದೆ. ಶಿಷ್ಯನು ಏನನ್ನೂ ಮಾಡದೆ ತೀರ ಕೆಳಗೆ ಬಂದರೆ, ಎತ್ತರವನ್ನೂ ವೇಗವನ್ನೂ ಅಳೆಯುವ ಯಂತ್ರವೊಂದು ತಾನೇ ಮೀಸಲನ್ನು ಬಿಚ್ಚುತ್ತದೆ. ಜರ್ಮನಿಯ ಸೈಪ್ರೆಸ್ ಎಂಬ ಯಂತ್ರವು 1991ರಿಂದ ಈ ಕೆಲಸ ಮಾಡುತ್ತಿದೆ. ಧೈರ್ಯವಂತರೆಂದು ನಾವು ಕರೆಯುವ ಈ ಜನರು ತಮ್ಮ ಧೈರ್ಯವನ್ನು ಎಷ್ಟು ಕಡಮೆ ನಂಬುತ್ತಾರೆ!

ಇಳಿಯುವುದು ಗಾಳಿಗೆ ಮುಖಮಾಡಿ. ನೆಲ ಸಮೀಪಿಸಿದಾಗ ಪ್ಯಾರಾಶೂಟನ್ನು ತಿರುಗಿಸುವ ಎರಡು ಹಿಡಿಗಳನ್ನೂ ಒಟ್ಟಿಗೆ ಕೆಳಕ್ಕೆಳೆದರೆ ವೇಗ ಕುಗ್ಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಪ್ರಥಮ ಲೈಸೆನ್ಸಿಗೆ 25 ಜಿಗಿತಗಳಾಗಬೇಕು. ಅಷ್ಟರೊಳಗೆ ಪ್ಯಾರಾಶೂಟನ್ನು ತಾನೇ ಮಡಿಸಲೂ ಕಲಿತಿರಬೇಕು. ಹಗ್ಗಗಳನ್ನು ನೇರಮಾಡಿ, ಬಟ್ಟೆಯನ್ನು ಪದರಪದರವಾಗಿ ಮಡಿಸಿ, ಒಳಗಿನ ಗಾಳಿಯನ್ನು ಮೊಣಕಾಲಿನಿಂದ ಒತ್ತಿ ಹೊರಡಿಸಿ ಚೀಲಕ್ಕೆ ತುಂಬುವುದರಲ್ಲಿ ಹೊಸಬನಿಗೆ ಬೆವರಿಳಿಯುತ್ತದೆ. ಆದರೆ ಮೀಸಲು ಪ್ಯಾರಾಶೂಟನ್ನು ಅವನು ಮುಟ್ಟುವಂತಿಲ್ಲ. ಅದನ್ನು ರಿಗ್ಗರನೆಂಬ ಅಧಿಕೃತ ತಜ್ಞನೇ 180 ದಿನಗಳಿಗೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮರಳಿ ಮಡಿಸಿ, ಮೊಹರು ಮಾಡಿ ಕೊಡುತ್ತಾನೆ.